ಮೀಟರಿಗೆ ಸಿಗದ ಕಾಲು ತಾಸು

ಮೇ ತಿಂಗಳ ಮುಂಜಾನೆ. ನಾಗಣಸೂರ ಸ್ಟೇಷನ್ ದಾಟಿ ವಾಡಿ ಕಡೆಗೆ ಹೋದ ಗಾಡಿಯ ಸದ್ದು ಇನ್ನೂ ಕಿವಿಯಲ್ಲಿತ್ತು. ಊರ ಹೊರಗಿನ ಜಿನುಗು ಕೆರೆಯ ದಂಡೆಗೆ ಒಂದು ಹಳೆಯ ಚೈನ್ ಲೋಡರ್ ನಿಂತಿತ್ತು. ಅದರ ಹಳದಿ ಬಣ್ಣ ಎಂದೋ ಹೋಗಿ, ಉಳಿದದ್ದೆಲ್ಲ ತುಕ್ಕಿನ ಬಣ್ಣ. ಹೂಳು ಹೊಲಕ್ಕೆ ಹೊಡೆಸಲು ಬಂದ ನಾವು ನಾಲ್ಕೈದು ಮಂದಿ ಟ್ರೇಲರ್‌ಗಳನ್ನು ಸಾಲಿಗೆ ಹಚ್ಚಿ ಕಾಯುತ್ತಿದ್ದೆವು. ಡ್ರೈವರ್ ಕಾಕಾ ಮಾತ್ರ ಸೀಟಿನ ಕಡೆ ನೋಡಲೇ ಇಲ್ಲ.

ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅವರು ಮೊದಲು ಯಂತ್ರವನ್ನು ಒಂದು ಸುತ್ತು ಬಂದರು. ಬಗ್ಗಿ ನೆಲ ನೋಡಿದರು, ರಾತ್ರಿ ಎಲ್ಲಾದರೂ ಎಣ್ಣೆ ತೊಟ್ಟಿಕ್ಕಿದೆಯೇ ಎಂದು. ಚೈನಿನ ಮೇಲೆ ಕಾಲಿಟ್ಟು ಒತ್ತಿ ಅದರ ಜೋಲು ಅಳೆದರು. ಬಿಗಿಯಾದರೆ ಪಿನ್ನು ಸವೆಯುತ್ತದೆ, ಸಡಿಲಾದರೆ ತಿರುವಿನಲ್ಲಿ ಚೈನ್ ಕಳಚುತ್ತದೆ. ಎಂಜಿನ್ನಿನ ಎಣ್ಣೆ, ರೇಡಿಯೇಟರಿನ ನೀರು ಎರಡನ್ನೂ ನೋಡಿ, ಕೊನೆಗೆ ಡೀಸೆಲ್ ಟಾಕಿಯ ಅಡಿಯ ನಲ್ಲಿ ತಿರುಗಿಸಿ ಒಂದಿಷ್ಟು ಹೊರಗೆ ಬಿಟ್ಟರು.

“ರಾತ್ರಿ ನೀರೆಲ್ಲ ತಳಕ್ಕ ಕುಂತಿರತೈತ್ರಿ. ಮೊದಲ ಅದನ್ನ ತಗೀಬೇಕು” ಎಂದರು.

ನಮ್ಮಲ್ಲೊಬ್ಬರು ಬಾಡಿಗೆಯ ಚಿಂತೆ ತಡೆಯಲಾರದೆ ಕೇಳಿದರು: “ಕಾಕಾ, ತಾಸು ಸುರು ಆತೇನ್ರಿ?”

“ಇಲ್ರೀ. ಮೀಟರ್ ಇನ್ನೂ ಮಲಗೈತಿ.”

ಆ ಮಾತು ನನ್ನೊಳಗೆ ಉಳಿಯಿತು. ಅದರ ಪೂರ್ತಿ ಅರ್ಥ ಆಗಿದ್ದು ಮುಂದಿನ ಕಾಲು ತಾಸು ಅವರ ಪಕ್ಕದಲ್ಲಿ ನಿಂತ ಮೇಲೆ.

ಈ ಹಳೆಯ ತಲೆಮಾರಿನ ಯಂತ್ರದಲ್ಲಿ ಎಂಜಿನ್ನುಗಳು ಎರಡು. ದೊಡ್ಡದು ಡೀಸೆಲ್ಲಿನದು. ಅದರ ಪಕ್ಕಕ್ಕೆ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್. ದೊಡ್ಡದನ್ನು ಮನುಷ್ಯನ ತೋಳು ತಿರುಗಿಸಲಾರದು, ಅದನ್ನು ಎಬ್ಬಿಸಲಿಕ್ಕೇ ಈ ಚಿಕ್ಕದು. ಕ್ಯಾಟರ್‌ಪಿಲ್ಲರ್ ಕಂಪನಿ 1931ರಲ್ಲಿ ತನ್ನ ಮೊದಲ ಡೀಸೆಲ್ ಚೈನ್ ಟ್ರ್ಯಾಕ್ಟರ್ ತಂದಾಗಲೇ ಈ ಜೋಡಿ ಇತ್ತು. ಕಾಕಾ ಪೆಟ್ರೋಲ್ ಕಾಕ್ ತೆರೆದು, ಚೋಕ್ ಎಳೆದು, ಹ್ಯಾಂಡಲ್ ಹಿಡಿದರು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಲಿಲ್ಲ, ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟರು. ಎಂಜಿನ್ ತಿರುಗಿ ಒದ್ದರೆ ಸುತ್ತಿದ ಹೆಬ್ಬೆರಳು ಮುರಿಯುತ್ತದೆ. ಮೂರನೆಯ ಸಲಕ್ಕೆ ಚಿಕ್ಕದು ಪಟಪಟ ಎಂದಿತು.

ನನಗೆ ಹೊಸದೆನಿಸಿದ್ದು ಇದರ ಮುಂದಿನದು. ಚಿಕ್ಕ ಎಂಜಿನ್ ಹತ್ತಿದ ಕೂಡಲೇ ದೊಡ್ಡದಕ್ಕೆ ಡೀಸೆಲ್ ಬಿಡುವುದಿಲ್ಲ. ಮೊದಲು ಒಂದು ಹಿಡಿ ಎಳೆದು ದೊಡ್ಡದರ ಒಳಗಿನ ಒತ್ತಡ ತೆಗೆದು, ಅದನ್ನು ಸುಮ್ಮನೆ ಹಗುರಾಗಿ ತಿರುಗಿಸುತ್ತಾರೆ. ಆ ಹೊತ್ತಿನಲ್ಲಿ ಎಣ್ಣೆ ಬೇರಿಂಗು ಬೇರಿಂಗಿಗೂ ಏರುತ್ತದೆ. ಚಿಕ್ಕದರ ಬಿಸಿ ಹೊಗೆ ದೊಡ್ಡದು ಗಾಳಿ ಎಳೆದುಕೊಳ್ಳುವ ದಾರಿಯನ್ನು ಕಾಯಿಸುತ್ತದೆ, ಎರಡಕ್ಕೂ ಹರಿಯುವ ನೀರು ಒಂದೇ ಆದ್ದರಿಂದ ದೊಡ್ಡದರ ಮೈಯೂ ಬೆಚ್ಚಗಾಗುತ್ತದೆ. ಆಮೇಲೆ ಒತ್ತಡ ಕೊಟ್ಟು ಮತ್ತೊಂದಿಷ್ಟು ಹೊತ್ತು. ಕೊನೆಗೆ ಡೀಸೆಲ್. ಕಾಕಾ ಗಡಿಯಾರ ನೋಡಲಿಲ್ಲ. ಅಂಗೈಯನ್ನು ಎಂಜಿನ್ನಿನ ಪಕ್ಕೆಗೆ ಇಟ್ಟುಕೊಂಡು ನಿಂತಿದ್ದರು. ಜ್ವರದ ಮಗುವಿನ ಹಣೆ ಮುಟ್ಟುವ ಕೈ ಹಾಗೆ ಇರುತ್ತದೆ. “ಈಗ” ಎಂದು ಹಿಡಿ ಸರಿಸಿದರು. ಬಿಳಿ ಹೊಗೆ ಬಂತು, ಕಪ್ಪಾಯಿತು, ತಿಳಿಯಾಯಿತು. ದೊಡ್ಡ ಎಂಜಿನ್ ಎದ್ದಿತ್ತು. ಚಿಕ್ಕದರ ಪೆಟ್ರೋಲ್ ಕಾಕ್ ಮುಚ್ಚಿ ಅದನ್ನು ಮಲಗಿಸಿದರು. ದೊಡ್ಡದನ್ನು ಮತ್ತೆ ಐದು ನಿಮಿಷ ನಿಧಾನಕ್ಕೆ ಓಡಲು ಬಿಟ್ಟರು.

ಮೀಟರಿನ ಮಾತಿಗೆ ಬರುತ್ತೇನೆ. ಇಂಥ ಹಳೆಯ ಯಂತ್ರಗಳ ತಾಸಿನ ಮೀಟರು ಕೈಗಡಿಯಾರದಂಥದ್ದಲ್ಲ. ಎಂಜಿನ್ನಿನ ಸುತ್ತುಗಳನ್ನು ಎಣಿಸಿ, ಪೂರ್ತಿ ವೇಗದಲ್ಲಿ ಒಂದು ತಾಸು ಓಡಿದರೆ ಒಂದು ಅಂಕಿ ಏರಿಸುತ್ತದೆ. ಚಿಕ್ಕ ಎಂಜಿನ್ ಓಡಿದ ಹೊತ್ತು ಅದಕ್ಕೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ದೊಡ್ಡದು ನಿಧಾನಕ್ಕೆ ಓಡಿದ ಹೊತ್ತು ಅರ್ಧಂಬರ್ಧ ಕಾಣುತ್ತದೆ. ಕಾಕಾನ ಅಷ್ಟೂ ದುಡಿಮೆ ಅಂಕಿಯ ಆಚೆಗೇ ನಡೆದು ಹೋಯಿತು.

ಕೆಲಸಕ್ಕೆ ಇಳಿದಾಗಲೂ ಅವರದು ಅದೇ ತಾಳ್ಮೆ. ಬಕೆಟ್ಟಿನ ಅಡಿಯನ್ನು ನೆಲಕ್ಕೆ ಸಮ ಇಟ್ಟು, ಮೊದಲ ಗೇರಿನಲ್ಲಿ ಹೂಳಿನೊಳಕ್ಕೆ ನುಗ್ಗಿಸುತ್ತಾರೆ. ಚೈನ್ ಜಾರುವ ಮೊದಲೇ ಬಕೆಟ್ ಎತ್ತುತ್ತಾರೆ. ಎಡಕ್ಕೆ ತಿರುಗಬೇಕಾದರೆ ಎಡಗೈ ಹಿಡಿ ಎಳೆಯಬೇಕು, ಆಗ ಎಡ ಚೈನಿಗೆ ಎಂಜಿನ್ನಿನ ಶಕ್ತಿ ತಪ್ಪುತ್ತದೆ, ಬಲಗಡೆಯದು ತಳ್ಳಿ ಯಂತ್ರ ಎಡಕ್ಕೆ ಹೊರಳುತ್ತದೆ. ದಂಡೆಯ ಇಳಿಜಾರಿನಲ್ಲಿ ಮಾತ್ರ ಇದು ತಿರುವುಮುರುವು. ಅಲ್ಲಿ ಯಂತ್ರದ ಭಾರವೇ ಅದನ್ನು ಕೆಳಕ್ಕೆ ನೂಕುತ್ತಿರುತ್ತದೆ. ಬ್ರೇಕ್ ಒತ್ತದೆ ಎಡ ಹಿಡಿ ಎಳೆದರೆ ಬಿಡುಗಡೆಯಾದ ಎಡ ಚೈನೇ ಜೋರಾಗಿ ಉರುಳಿ ಯಂತ್ರ ಬಲಕ್ಕೆ ಹೋಗುತ್ತದೆ. ಇದನ್ನು ಅರಿಯದ ಹುಡುಗನನ್ನು ದಂಡೆಯ ಮೇಲೆ ಹತ್ತಿಸುವುದು ತಪ್ಪು. ಇದನ್ನು ಹೇಳುವಾಗ ಕಾಕಾನ ದನಿ ಗಡುಸಾಯಿತು.

ಜೆಸಿಬಿ ಬಂದ ಮೇಲೆ ಇದನ್ನೇಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವವರಿದ್ದಾರೆ. ನಮ್ಮ ಎರಿ ಮಣ್ಣನ್ನು ಕೇಳಬೇಕು. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಕೆರೆಯ ಒಡಲಿನಲ್ಲಿ ಮೊಣಕಾಲುದ್ದ ಕೆಳಗೆ ಹಸಿ ಇರುತ್ತದೆ, ಗಾಲಿ ಹೂತುಹೋಗುತ್ತದೆ. ಹತ್ತು ಟನ್ ತೂಕದ ಯಂತ್ರ 2 ಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಎರಡು ಚೈನುಗಳ ಮೇಲೆ ನಿಂತರೆ ಒಂದು ಚದರ ಸೆಂಟಿಮೀಟರಿಗೆ ಬೀಳುವ ಭಾರ 600 ಗ್ರಾಂ ಚಿಲ್ಲರೆ. ಎತ್ತಿನ ಗೊರಸು ಇದಕ್ಕಿಂತ ಹೆಚ್ಚು ಒತ್ತುತ್ತದೆ. 1904ರಲ್ಲಿ ಕ್ಯಾಲಿಫೋರ್ನಿಯಾದ ಬೆಂಜಮಿನ್ ಹೋಲ್ಟ್ ತನ್ನ ಉಗಿ ಟ್ರ್ಯಾಕ್ಟರಿನ ಗಾಲಿ ಬಿಚ್ಚಿ ಚೈನ್ ಹಚ್ಚಿದ್ದೂ ಇಂಥ ಮೆದು ಮಣ್ಣಿನ ಕಾಟಕ್ಕೇ.

ಲೆಕ್ಕಕ್ಕೆ ಸಿಗದ ದುಡಿಮೆ ಇಲ್ಲಿ ಹೊಸದಲ್ಲ. 1972ರ ಬರದಲ್ಲಿ ನಮ್ಮ ಸೊಲ್ಲಾಪುರ ಸೀಮೆಯ ಇಂಥ ಕೆರೆಗಳನ್ನು ಜನ ಕೈಯಿಂದ ತೋಡಿದರು. ಬುಟ್ಟಿ ಹೊತ್ತವರಿಗೆ ತಿನ್ನಲು ಸುಕಡಿ ಸಿಗುತ್ತಿತ್ತು. ಅಂದು ತೋಡಿದ ಮಣ್ಣಿಗೆ ಕೂಲಿಯ ಲೆಕ್ಕವಿತ್ತು, ಬಿಸಿಲಲ್ಲಿ ನಿಂತು ಕಾದದ್ದಕ್ಕೆ ಇರಲಿಲ್ಲ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಕೆರೆಯ ಹೂಳನ್ನು ಹೊಲಕ್ಕೆ ಹಾಕುವ ಯೋಜನೆ ತಂದಿತು. ಅದು ಒಳ್ಳೆಯ ಕೆಲಸವೇ, ಆ ಹೂಳು ಬಿದ್ದ ಹೊಲದ ಜೋಳ ನಾನು ಕಂಡಿದ್ದೇನೆ. ಆದರೆ ಲೆಕ್ಕ ಈಗಲೂ ಟ್ರೇಲರಿನದು, ತಾಸಿನದು.

ಸಂಜೆ ಕಾಕಾ ಬಕೆಟ್ಟನ್ನು ನೆಲಕ್ಕೆ ಊರಿ, ಎಂಜಿನ್ನನ್ನು ಐದು ನಿಮಿಷ ನಿಧಾನಕ್ಕೆ ಓಡಿಸಿ ಆರಿಸಿದರು. ನಾವು ಮನೆಯ ದಾರಿ ಹಿಡಿದಾಗಲೂ ಅವರು ಸಲಿಕೆ ಹಿಡಿದು ಚೈನಿನ ಸಂದಿಯ ಮಣ್ಣು ಕೆರೆಯುತ್ತಿದ್ದರು. ಎರಿ ಮಣ್ಣು ರಾತ್ರಿ ಕಳೆದರೆ ಇಟ್ಟಿಗೆಯಾಗುತ್ತದೆ, ಬೆಳಿಗ್ಗೆ ಚೈನ್ ತಿರುಗುವುದಿಲ್ಲ. ಅದಕ್ಕೂ ಮೀಟರಿಲ್ಲ.

ಮಳೆಗೆ ಮುಂಚೆ ಹೂಳು ಹೊಡೆಸುವ ಎಲ್ಲರಲ್ಲೂ, ಅಂಥ ಯಂತ್ರ ಇಟ್ಟ ಮಾಲೀಕರಲ್ಲೂ ನನ್ನದೊಂದೇ ಕೇಳಿಕೆ. ಮುಂಜಾನೆಯ ಕಾಲು ತಾಸು, ಸಂಜೆಯ ಕಾಲು ತಾಸು ಡ್ರೈವರನ ಕೂಲಿಗೆ ಸೇರಿಸಿ. ದಿನಕ್ಕೆ ಅರ್ಧ ತಾಸು, ಅಷ್ಟೇ.