ಕಂಕಭಟ್ಟನ ಸಂಪಾದನೆ

ನಮ್ಮಣ್ಣನ ಮಗ ಬೆಂಗಳೂರಿನಲ್ಲಿ ಪೋಕರ್ ಆಡಿ ಬದುಕುತ್ತಾನೆ. ಹೊತ್ತು ಕಳೆಯಲು ಆಡುವುದಲ್ಲ, ಅದೇ ಅವನ ಉದ್ಯೋಗ. ಎಂಜಿನಿಯರಿಂಗ್ ಓದಿ, ಒಂದಷ್ಟು ಕಾಲ ಕಂಪನಿಯಲ್ಲಿದ್ದು ಬಿಟ್ಟ. ಇಸ್ಪೀಟಿನ ದುಡ್ಡಿನಲ್ಲೇ ಮನೆ ಬಾಡಿಗೆ ಕಟ್ಟುತ್ತಾನೆ. ತಂಗಿಯ ಮದುವೆಗೂ ಅದರಿಂದಲೇ ಕೊಟ್ಟ. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಜಮೀನಿನಲ್ಲಿ ಹೊಗೆಸೊಪ್ಪು ಬೇಯಿಸುವ ಹಳೇ ಬ್ಯಾರನ್ನಿಗೆ ಹೊಸ ಸೂರು ಹಾಕಿಸಿದ್ದೂ ಅದೇ ದುಡ್ಡು. ಅಣ್ಣ ಹಣ ತೆಗೆದುಕೊಳ್ಳುತ್ತಾನೆ, ಕೇಳಿದವರಿಗೆ ಮಾತ್ರ ‘ಕಂಪ್ಯೂಟರ್ ಕೆಲಸ’ ಅನ್ನುತ್ತಾನೆ.

ನಾನು ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಗಮಕಿಗಳು ಭಾರತ ಓದುವಾಗ ಪಕ್ಕದಲ್ಲಿ ಕೂತು ವ್ಯಾಖ್ಯಾನ ಮಾಡುತ್ತೇನೆ. ಹುಡುಗ ಕೆಟ್ಟುಹೋದ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಅವನು ಕುಡಿಯುವುದಿಲ್ಲ, ಸಾಲ ಮಾಡುವುದಿಲ್ಲ, ಬೆಳಗಿನ ಜಾವಕ್ಕೆ ಎದ್ದು ಓದುತ್ತಾನೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಗೆದ್ದ ಹಣ ದುಡಿದ ಹಣವೇ? ಅದನ್ನು ಕಾಯಕದ ಲೆಕ್ಕಕ್ಕೆ ಹಾಕಬಹುದೇ?

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಎಲ್ಲಿಂದಲೋ ಬಂದದ್ದಲ್ಲ. ಕೆ.ಆರ್. ನಗರದ ನಾಲೆ ಬಯಲಿನ ಗದ್ದೆಯವರಿಗೆ ಒಂದಿಷ್ಟು ನೀರಿನ ಧೈರ್ಯವಿದೆ, ನಮಗೆ ಮಳೆಯೇ ಗತಿ. ಭರಣಿ ಮಳೆಗೆ ಭೂಮಿ ಹದ ಮಾಡಿಕೊಂಡು ಕೃತ್ತಿಕೆಗೆ ಹೊಗೆಸೊಪ್ಪಿನ ಸಸಿ ನಾಟಿ ಮಾಡಬೇಕು. ಮಳೆ ಕೈಕೊಟ್ಟರೆ ಮಡಿಯಲ್ಲಿ ಸಸಿ ಬಲಿತು ಕೂರುತ್ತದೆ. ಆಗ ಊರವರು ಸೇರಿ ದೇವಸ್ಥಾನದಲ್ಲಿ ಕುಮಾರವ್ಯಾಸನ ವಿರಾಟಪರ್ವ ಓದಿಸುತ್ತಾರೆ. ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆಂಬುದು ಕನ್ನಡ ನಾಡಿನ ಹಳೆಯ ನಂಬಿಕೆ. ಅದರಲ್ಲಿ ಕೀಚಕವಧೆಗೆ ಜನ ತುದಿಗಾಲಲ್ಲಿ ಕೂರುತ್ತಾರೆ, ಉತ್ತರನ ಪೌರುಷಕ್ಕೆ ಬಿದ್ದು ಬಿದ್ದು ನಗುತ್ತಾರೆ. ಧರ್ಮರಾಯನ ಕಡೆ ಯಾರ ಗಮನವೂ ಹೋಗುವುದಿಲ್ಲ. ಆ ವರ್ಷ ಧರ್ಮರಾಯ ಮಾಡಿದ್ದೇನು? ಕಂಕನೆಂದು ಹೆಸರಿಟ್ಟುಕೊಂಡು, ವಿರಾಟರಾಯನ ಆಸ್ಥಾನದಲ್ಲಿ ದಾಳ ಉರುಳಿಸಿ ಅನ್ನ ಸಂಪಾದಿಸಿದ. ದ್ಯೂತದಲ್ಲಿ ರಾಜ್ಯ ಕಳೆದುಕೊಂಡವನು ಅಜ್ಞಾತವಾಸಕ್ಕೆ ಆರಿಸಿಕೊಂಡದ್ದು ದ್ಯೂತದ ಉದ್ಯೋಗವನ್ನೇ!

ವ್ಯಾಸಭಾರತ ಇದನ್ನು ಬಿಡಿಸಿ ಹೇಳುತ್ತದೆ. ವನವಾಸದಲ್ಲಿ ಬೃಹದಶ್ವ ಋಷಿ ಅವನಿಗೆ ನಳನ ಕಥೆ ಹೇಳುತ್ತಾನೆ. ಪುಷ್ಕರನಿಗೆ ಸೋತು ಕಾಡು ಸೇರಿದ ನಳ, ಋತುಪರ್ಣನಿಗೆ ಕುದುರೆಯ ವಿದ್ಯೆ ಕೊಟ್ಟು ಅವನಿಂದ ಅಕ್ಷಹೃದಯವೆಂಬ ದಾಳದ ವಿದ್ಯೆ ಕಲಿತು, ಹೋಗಿ ಗೆದ್ದುಬಂದ ಕಥೆ. ಮರದ ಕೊಂಬೆಯಲ್ಲಿ ಎಷ್ಟು ಎಲೆ, ಎಷ್ಟು ಕಾಯಿ ಎಂದು ಕಣ್ಣಳತೆಯಲ್ಲೇ ಎಣಿಸಿ ಹೇಳುವ ವಿದ್ಯೆಗೆ ದಾಳದ ವಿದ್ಯೆಯೂ ಹೊಂದಿಕೊಂಡಿದೆ. ಕಥೆ ಮುಗಿಸಿ ಬೃಹದಶ್ವ ಆ ವಿದ್ಯೆಯನ್ನು ಧರ್ಮರಾಯನಿಗೂ ಕೊಡುತ್ತಾನೆ. ವಿರಾಟನಗರದಲ್ಲಿ ಅದರಿಂದ ಗೆದ್ದ ಹಣವನ್ನು ಧರ್ಮರಾಯ ತಮ್ಮಂದಿರಿಗೆ ಗುಟ್ಟಾಗಿ ಹಂಚುತ್ತಿದ್ದ. ಇದನ್ನು ಹೇಳಿದಾಗ ನಮ್ಮ ಹುಡುಗನ ಮುಖ ಅರಳಿತು. ‘ನೋಡಿ ಚಿಕ್ಕಪ್ಪ, ನಾನೂ ಅಷ್ಟೇ ತಾನೆ ಮಾಡ್ತಿರೋದು?’ ಅಂದ.

ಅವನ ವಿದ್ಯೆ ನಿಜವಾದ ವಿದ್ಯೆ. ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿ ಐದು ಎಲೆ. ಕೈಯಲ್ಲಿ ಎರಡೂ ಎಕ್ಕ ಬರುವುದು ಸರಾಸರಿ 221 ಆಟಕ್ಕೆ ಒಮ್ಮೆ. ಎರಡು ರಾಜ ಹಿಡಿದವನೆದುರು ಎರಡು ಎಕ್ಕದವನು ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸಲ ಗೆಲ್ಲುತ್ತಾನೆ, ಉಳಿದ ಸಲ ಏನೂ ತಪ್ಪು ಮಾಡದೆ ಸೋಲುತ್ತಾನೆ. ಇಷ್ಟನ್ನು ಯಾರಾದರೂ ಬಾಯಿಪಾಠ ಮಾಡಬಹುದು. ಆ ತಪ್ಪಿಲ್ಲದ ಸೋಲನ್ನು ತಿಂಗಳುಗಟ್ಟಲೆ ತಡೆದುಕೊಳ್ಳುವುದೇ ಕಷ್ಟ. ಅವನ ಹತ್ತಿರ ಒಂದು ರೂಲ್ಡ್ ನೋಟ್‌ಬುಕ್ ಇದೆ. ಆ ದಿನದ ಮುಖ್ಯ ಆಟಗಳನ್ನು ಒಂದೊಂದು ಸಾಲಿನಲ್ಲಿ ಬರೆದು, ಎಡಗಡೆ ‘ತೀರ್ಮಾನ ಸರಿ’ ಅಥವಾ ‘ತಪ್ಪು’ ಎಂದು ಗುರುತು ಹಾಕುತ್ತಾನೆ. ಗೆದ್ದ, ಸೋತ ಮೊತ್ತವನ್ನು ಅಲ್ಲಿ ಬರೆಯುವುದೇ ಇಲ್ಲ. ದೊಡ್ಡ ಮೊತ್ತ ಗೆದ್ದ ಒಂದು ಆಟದ ಮುಂದೆ ಕೆಂಪು ಶಾಯಿಯಲ್ಲಿ ‘ತಪ್ಪು’ ಎಂದಿತ್ತು. ಒಟ್ಟು ಹಣದ ಒಂದು ಸಣ್ಣ ಪಾಲಿಗಿಂತ ಹೆಚ್ಚನ್ನು ಒಂದು ಮೇಜಿಗೆ ಒಯ್ಯುವುದಿಲ್ಲ ಎಂಬುದು ಅವನ ವ್ರತ. ಇಡೀ ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಪಣಕ್ಕಿಟ್ಟ ಸಭಾಪರ್ವದ ಧರ್ಮರಾಯನಿಗೆ ಈ ಒಂದು ವ್ರತ ಇದ್ದಿದ್ದರೆ ಭಾರತವೇ ನಡೆಯುತ್ತಿರಲಿಲ್ಲ.

ಫಲದ ಮೇಲೆ ಕಣ್ಣಿಡದೆ ಮಾಡುವ ಕರ್ಮ ಅಂದರೆ ಇದೇ ಅಲ್ಲವೇ ಎಂದು ಅವನು ಕೇಳುತ್ತಾನೆ. ಗೀತೆಯನ್ನು ಬಾಯಲ್ಲಿ ಹೇಳುವ ಬಹಳ ಜನರಲ್ಲಿ ನಾನು ಕಾಣದ ಸಮಚಿತ್ತ ಅವನಲ್ಲಿದೆ, ಒಪ್ಪುತ್ತೇನೆ. ಆದರೆ ಸಮಚಿತ್ತ ಒಂದೇ ಸಾಲದು. ನುರಿತ ಕಳ್ಳನಿಗೂ ಕೈ ನಡುಗುವುದಿಲ್ಲ. ಕೃಷ್ಣ ಹೇಳಿದ್ದು ಮಾಡಬೇಕಾದ ಕರ್ಮವನ್ನು ಫಲದ ಆಸೆಯಿಲ್ಲದೆ ಮಾಡು ಎಂದು. ಯಾವ ಕರ್ಮ ಮಾಡತಕ್ಕದ್ದು ಎಂಬ ಪ್ರಶ್ನೆ ಅದಕ್ಕೂ ಮೊದಲು ಬರುತ್ತದೆ. ಅದೇ ಗೀತೆಯ ಹತ್ತನೆಯ ಅಧ್ಯಾಯದಲ್ಲಿ, ಮೋಸಗಳ ಪೈಕಿ ದ್ಯೂತ ನಾನು ಎಂದೂ ಅವನೇ ಹೇಳುತ್ತಾನೆ.

ನಮ್ಮ ನ್ಯಾಯಾಲಯಗಳು ಈ ವಿಷಯವನ್ನು ಬಹುಕಾಲ ಒಂದೇ ತಕ್ಕಡಿಯಲ್ಲಿ ತೂಗಿವೆ: ಕೌಶಲವೋ, ಅದೃಷ್ಟವೋ. 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಕೌಶಲವೇ ಹೆಚ್ಚು ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾನೂನು ಆ ತಕ್ಕಡಿಯನ್ನೇ ಪಕ್ಕಕ್ಕಿಟ್ಟು, ಕೌಶಲವಿರಲಿ ಬಿಡಲಿ, ಹಣ ಹೂಡಿ ಆಡುವ ಆನ್‌ಲೈನ್ ಆಟ ಬೇಡ ಎಂದಿತು. ಅಂದಿನಿಂದ ಹುಡುಗನ ಆಟ ಗೋವಾದ ಕ್ಯಾಸಿನೋಗಳಿಗೆ ವರ್ಗವಾಗಿದೆ, ತಿಂಗಳಲ್ಲಿ ಅರ್ಧ ಪಣಜಿಯಲ್ಲೇ ಇರುತ್ತಾನೆ.

ಕಾನೂನಿಗೆ ಈ ಭೇದ ಬೇಕಾಗಬಹುದು, ಧರ್ಮದ ಪ್ರಶ್ನೆ ಇದರಿಂದ ತೀರುವುದಿಲ್ಲ. ಶಕುನಿಗಿಂತ ಕೌಶಲ ಯಾರಿಗಿತ್ತು? ಕೌಶಲ ಹೆಚ್ಚಿದಷ್ಟೂ ಎದುರಿಗೆ ಕೂತವನ ಸೋಲು ಖಚಿತವಾಗುತ್ತದೆ, ಅಷ್ಟೆ. ಮೇಜಿನ ಮೇಲೆ ಹಣ ಹುಟ್ಟುವುದಿಲ್ಲ. ಒಬ್ಬನ ಜೇಬಿನಿಂದ ಇನ್ನೊಬ್ಬನ ಜೇಬಿಗೆ ಹೋಗುವಾಗ ಆಟದ ಮನೆಯವನು ತನ್ನ ಪಾಲು ತೆಗೆದುಕೊಳ್ಳುತ್ತಾನೆ, ಸಾಮಾನ್ಯವಾಗಿ ನೂರಕ್ಕೆ ಐದರ ಆಸುಪಾಸು. ಕೌಟಿಲ್ಯನ ದ್ಯೂತಾಧ್ಯಕ್ಷನೂ ಗೆದ್ದ ಹಣದಲ್ಲಿ ನೂರಕ್ಕೆ ಐದನ್ನೇ ವಸೂಲಿ ಮಾಡುತ್ತಿದ್ದ. ಮೈಸೂರಿನಲ್ಲಿ ಸಿಕ್ಕ ಓಲೆಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಈ ಲೆಕ್ಕ ಇದೆ. ಅಂದರೆ ಎಲ್ಲ ಆಟಗಾರರನ್ನೂ ಒಟ್ಟು ಹಿಡಿದರೆ ಅವರು ಸೋಲುವವರೇ. ಅವರಲ್ಲಿ ಕೆಲವರು ಜೀವನ ನಡೆಸಬೇಕಾದರೆ ಬಹಳಷ್ಟು ಮಂದಿ ಅದಕ್ಕೆ ಕೊಡುತ್ತಲೇ ಇರಬೇಕು.

ಕೊಡುವವರು ಯಾರು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಬೆಂಗಳೂರಿನ ಸಂತೋಷ್ ಸುವರ್ಣ ಅವರು 2024ರ ಜೂನ್‌ನಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಎರಡೂವರೆ ಲಕ್ಷ ಡಾಲರ್ ಪ್ರವೇಶ ಶುಲ್ಕದ ಪಂದ್ಯ ಗೆದ್ದು 54 ಲಕ್ಷ ಡಾಲರ್ ತಂದರು. ಹುಡುಗ ಆ ಆಟವನ್ನು ಎಲೆ ಎಲೆಯಾಗಿ ವಿವರಿಸಬಲ್ಲ. ಅಷ್ಟು ಶುಲ್ಕ ಕಟ್ಟಿ ಅಲ್ಲಿ ಕೂರುವವರು ತಿಳಿದೇ ಕೂರುವವರು. ಅದು ವಿರಾಟನ ಸಭೆ ಇದ್ದಂತೆ, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಅವನ ದಿನನಿತ್ಯದ ಅನ್ನ ಅಲ್ಲಿಂದ ಬರುವುದಿಲ್ಲ. ಸೋತು ತಲೆಕೆಟ್ಟು, ಕಳೆದದ್ದನ್ನು ಈ ರಾತ್ರಿಯೇ ವಾಪಸು ತರುತ್ತೇನೆಂದು ಎಟಿಎಮ್ಮಿಗೆ ಹೋಗಿಬರುವವರಿಂದ ಬರುತ್ತದೆ. ಆಟಗಾರರು ಆ ಸ್ಥಿತಿಯನ್ನು ‘ಟಿಲ್ಟ್’ ಅನ್ನುತ್ತಾರೆ. ಟಿಲ್ಟ್ ಆದವನು ಎದ್ದು ಹೋಗುವವರೆಗೆ ಮೇಜು ಬಿಡಬಾರದು ಎಂಬುದು ಅವರ ವೃತ್ತಿಯ ಮೊದಲ ಪಾಠಗಳಲ್ಲೊಂದು.

ಇಂಥವರನ್ನು ನಾನು ಊರಿನಲ್ಲೇ ಕಂಡಿದ್ದೇನೆ. ಯುಗಾದಿ ಮತ್ತು ಹೊಸತೊಡಕಿಗೆ ನಮ್ಮ ಕಡೆ ಇಸ್ಪೀಟು ಹಬ್ಬದ ಭಾಗವೇ. ಅಂದರ್ ಬಾಹರ್, ಮೂರೆಲೆ. ಅಪ್ಪ ಮಗ ಒಂದೇ ಜಮಖಾನದ ಮೇಲೆ ಕೂರುತ್ತಾರೆ. ಹಬ್ಬದ ಆಟ ಹಬ್ಬಕ್ಕೆ ಮುಗಿದರೆ ಯಾರಿಗೂ ಕೇಡಿಲ್ಲ. ಹೊಗೆಸೊಪ್ಪಿನ ಹರಾಜಿನ ದುಡ್ಡು ಬ್ಯಾಂಕಿಗೆ ಬೀಳುವ ತಿಂಗಳಲ್ಲಿ ಆಡುವವರ ಕಥೆ ಬೇರೆ. ಬಸ್‌ಸ್ಟ್ಯಾಂಡಿನ ಲಾಟರಿ ಅಂಗಡಿಗಳ ಮುಂದೆ ಸಿಂಗಲ್ ನಂಬರಿಗೆ ಕೂಲಿಯ ದುಡ್ಡು ಸುರಿದು ಖಾಲಿ ಕೈಯಲ್ಲಿ ಹಳ್ಳಿಗೆ ನಡೆದು ಹೋದವರು ನನ್ನ ಶಾಲೆಯ ಮಕ್ಕಳ ಅಪ್ಪಂದಿರು. 2007ರಲ್ಲಿ ಸರ್ಕಾರ ಲಾಟರಿ ನಿಲ್ಲಿಸಿದಾಗ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮ ಕೈಮುಗಿದದ್ದು ನನಗೆ ನೆನಪಿದೆ.

ಇಲ್ಲಿಯೇ ಕಂಕನ ಇನ್ನೊಂದು ಮುಖ ನೋಡಬೇಕು. ಮಗ ಉತ್ತರನು ಕೌರವರನ್ನು ಗೆದ್ದನೆಂಬ ಸುದ್ದಿ ಬಂದು ವಿರಾಟ ಹಿಗ್ಗಿ, ದಾಳ ತರಿಸು, ಆಡೋಣ ಎನ್ನುತ್ತಾನೆ. ಆಗ ಕಂಕ ಹಿಂಜರಿಯುತ್ತಾನೆ. ಹರ್ಷದಲ್ಲಿ ಮೈಮರೆತವನ ಜೊತೆ ಆಡಬಾರದೆಂದು ಕೇಳಿದ್ದೇವೆ, ದ್ಯೂತದಿಂದ ಯುಧಿಷ್ಠಿರ ರಾಜ್ಯವನ್ನೇ ಕಳೆದುಕೊಂಡನಲ್ಲ ಎಂದು ತನ್ನ ಕಥೆಯನ್ನೇ ಮೂರನೆಯವನ ಕಥೆಯಂತೆ ಹೇಳುತ್ತಾನೆ. ರಾಜ ಕೇಳುವುದಿಲ್ಲ. ಆಟದ ನಡುವೆ ಮಾತಿಗೆ ಮಾತು ಬೆಳೆದು ದಾಳವನ್ನು ಕಂಕನ ಮುಖಕ್ಕೆ ಎಸೆಯುತ್ತಾನೆ, ಮೂಗಿನಿಂದ ರಕ್ತ ಬರುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಭಾರತದಲ್ಲಿ ದ್ಯೂತದ ಧರ್ಮ ಅಂತ ಒಂದಿದ್ದರೆ ಅದು ಇಲ್ಲಿದೆ. ಅಕ್ಷಹೃದಯ ಬಲ್ಲವನಿಗೆ ಅಂದು ಗೆಲ್ಲುವುದು ಎಷ್ಟು ಸುಲಭವಿತ್ತು! ಎದುರಿನವನ ಬುದ್ಧಿ ಸ್ಥಿಮಿತದಲ್ಲಿಲ್ಲ, ಆಡುವುದು ಬೇಡ ಎಂದ. ಹುಡುಗನ ವೃತ್ತಿ ಹಣ ಮಾಡುವುದು ಸರಿಯಾಗಿ ಅದೇ ಗಳಿಗೆಯಲ್ಲಿ.

ಇದನ್ನು ಹೇಳಿದಾಗ ಅವನು ಆಯ್ದಕ್ಕಿ ಮಾರಯ್ಯನನ್ನು ತಂದ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸಿದವನು ಮಾರಯ್ಯ. ‘ನಾನೂ ಜನ ಚೆಲ್ಲಿದ್ದನ್ನೇ ಆಯ್ಕೊಳ್ಳೋದು ಚಿಕ್ಕಪ್ಪ, ಯಾರ ಕೈಯಿಂದಲೂ ಕಿತ್ಕೊಳ್ಳಲ್ಲ’ ಎಂದ. ಒಳ್ಳೆಯ ಮಾತು, ಒಂದು ವಾರ ನನ್ನ ತಲೆಯಲ್ಲಿ ಕೂತಿತ್ತು. ಆದರೆ ಒಂದು ದಿನ ಗಂಡ ಮಾಮೂಲಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಮಾಡಿದ್ದೇನು? ಇದು ಆಸೆಯ ಅಕ್ಕಿ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಅಂಗಳದಲ್ಲಿ ಬಿದ್ದ ಆ ಅಕ್ಕಿ ಇನ್ನೊಬ್ಬರ ರಾತ್ರಿಯ ಊಟವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಟಿಲ್ಟ್ ಆದವನು ಚೆಲ್ಲುವುದು ಅವನ ಮನೆಯ ಊಟವನ್ನು.

ಹೋದ ಸಲ ಬಂದಾಗ ಅವನಿಗೆ ಒಂದು ಮಾತು ಹೇಳಿದೆ. ನಿನ್ನ ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆ. ಯಾರು ಸೋತರು, ಅವರ ಸ್ಥಿತಿ ಹೇಗಿತ್ತು ಎಂದು ನಿನಗೆ ಕಂಡಷ್ಟು ಬರೆ. ವಿರಾಟನ ದಿನ ಬಂದರೆ ಎದ್ದುಬಿಡು.

ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ಅಂದು ಬ್ಯಾರನ್ ಬೇಯುತ್ತಿತ್ತು, ಅಣ್ಣ ಒಲೆಗೆ ಸೌದೆ ಒತ್ತುತ್ತಿದ್ದ. ಐದಾರು ದಿನ ಹಗಲೂ ರಾತ್ರಿ ಕಾವು ಕಾಯಬೇಕು. ಮೊದಲು ಸೊಪ್ಪು ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುದಂಟು. ನಡುವೆ ಒಂದು ರಾತ್ರಿ ಕಣ್ಣು ಹತ್ತಿ ಕಾವು ಏರುಪೇರಾದರೆ ಬಂಗಾರದ ಬಣ್ಣ ಹೋಗಿ ಗ್ರೇಡು ಬೀಳುತ್ತದೆ. ಹುಡುಗ ಆ ಕಡೆ ನೋಡಿಕೊಂಡೇ ಕೇಳಿದ: ‘ಕಂಪಲಾಪುರದ ಹರಾಜಿಗೆ ಹೋಗೋ ಬೇಲಿನ ಚೀಟಿಯಲ್ಲಿ ತೂಕ ಇರುತ್ತೆ, ಗ್ರೇಡು ಇರುತ್ತೆ, ಬೆಲೆ ಇರುತ್ತೆ. ಅದನ್ನು ಸೇದೋನು ಯಾರು, ಅವನ ಸ್ಥಿತಿ ಹೇಗಿದೆ ಅಂತ ನಾವು ಬರೀತೀವಾ?’

ಬೇಸಾಯವೂ ಜೂಜು ಎಂಬ ಮಾತನ್ನು ನಾನು ಒಪ್ಪುವವನಲ್ಲ. ಮಳೆಯೊಂದಿಗೆ ನಾವು ಅಪಾಯ ಹಂಚಿಕೊಳ್ಳುತ್ತೇವೆ, ನಮ್ಮ ಹೊಲಕ್ಕೆ ಮಳೆಯಾದರೆ ಪಕ್ಕದವನ ಹೊಲ ಒಣಗುವುದಿಲ್ಲ. ರಾಗಿಯ ವಿಷಯದಲ್ಲಿ ಈ ಉತ್ತರ ಪೂರ್ತಿ ನಿಲ್ಲುತ್ತದೆ. ಹೊಗೆಸೊಪ್ಪಿನ ವಿಷಯದಲ್ಲಿ ಅರ್ಧ ಮಾತ್ರ. ಜಗತ್ತಿನಲ್ಲಿ ತಂಬಾಕಿನಿಂದ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾನೂನು ನಮ್ಮ ಪರವಾಗಿದೆ: ತಂಬಾಕು ಮಂಡಳಿ ಲೈಸೆನ್ಸು ಕೊಡುತ್ತದೆ, ಹುಣಸೂರಿನಲ್ಲಿ ಕೇಂದ್ರ ಸರ್ಕಾರದ ತಂಬಾಕು ಸಂಶೋಧನಾ ಕೇಂದ್ರವೇ ಇದೆ. ಹೈಕೋರ್ಟಿನ ತೀರ್ಪಿದ್ದಾಗ ಹುಡುಗನ ಪರವಾಗಿಯೂ ಕಾನೂನು ಇತ್ತು. ಅವನಿಗೆ ಅದು ಸಾಲದು ಎಂದು ನಾನು ಹೇಳಿದ ಮೇಲೆ ನನಗೂ ಸಾಲದು.

ಹಾಗಾಗಿ ಮುಂದಿನ ಬೆಳೆಗೆ ನನ್ನ ಪಾಲಿನ ಜಮೀನಿಗೆ ಮುಸುಕಿನ ಜೋಳ ಹಾಕೋಣ ಎಂದು ಅಣ್ಣನಿಗೆ ಹೇಳಿದ್ದೇನೆ. ಅಣ್ಣ ಇನ್ನೂ ಒಪ್ಪಿಲ್ಲ. ಹೊಗೆಸೊಪ್ಪಿನ ಲೈಸೆನ್ಸಿನ ಮೇಲೆ ಬ್ಯಾಂಕು ಸಾಲ ಕೊಟ್ಟಿದೆ, ಜೋಳ ನಂಬಿ ಅಷ್ಟು ದುಡ್ಡು ಯಾರು ಕೊಡುತ್ತಾರೆ ಎಂದು ಕೇಳುತ್ತಾನೆ. ಆ ಸಾಲ ತೀರಿಸಲು ನಾನು ಕೊಡುತ್ತೇನೆ ಎಂದು ಹುಡುಗ ಪಣಜಿಯಿಂದ ಫೋನ್ ಮಾಡಿದ್ದಾನೆ. ಆ ಹಣ ತೆಗೆದುಕೊಳ್ಳಬೇಕೋ ಬೇಡವೋ ಎಂದು ಈಗ ಮನೆಯಲ್ಲಿ ಮಾತು ನಡೆಯುತ್ತಿದೆ.