ಕಲಿಕಾಲವೆಂಬ ನೆವ

ಲೋಕವು ದಿನೇ ದಿನೇ ಕೆಡುತ್ತಿದೆಯೆಂದು ಹಿರಿಯರು ಹೇಳುವದನ್ನು ನಾವೆಲ್ಲರೂ ಕೇಳಿದ್ದೇವೆ. ಪುರಾಣಗಳ ಎಣಿಕೆಯಂತೆ ಕಲಿಯುಗವು 4,32,000 ವರುಷಗಳದ್ದು. ಕಳೆದವುಗಳು ಐದು ಸಾವಿರಕ್ಕೆ ತುಸು ಹೆಚ್ಚು ಮಾತ್ರ. ಆದದರಿಂದ ಕೇಡು ಇನ್ನೂ ಬೆಳೆಯಬೇಕಷ್ಟೆ! ಆದರೆ ಹಿಂದಿನ ಕಾಲವೇ ಒಳ್ಳೆಯದೆಂಬವರು, ಅದು ಯಾರಿಗೆ ಒಳ್ಳೆಯದಾಗಿತ್ತೆಂದು ಹೇಳುವದಿಲ್ಲ. 1927ರಲ್ಲಿ ಅಂಬೇಡ್ಕರರೊಡನೆ ಮಹಾಡಿನ ಕೆರೆಯ ನೀರನ್ನು ಕುಡಿದ ದಲಿತರು ಪೆಟ್ಟು ತಿಂದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿತು. ಇದನ್ನು ಅವನತಿಯೆನ್ನಬಹುದೋ?

ಮನುಷ್ಯನು ಏರುತ್ತಲೇ ಇದ್ದಾನೆಂದೂ ನಾವು ಹೇಳಲಾರೆವು. 1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ಸಾರಲಾಯಿತು. ಅದಕ್ಕೆ ಮೊದಲು, 1945ರಲ್ಲಿ, ಅದೇ ಮನುಷ್ಯನ ವಿದ್ಯೆಯು ಹಿರೋಷಿಮಾ ಪಟ್ಟಣವನ್ನು ಸುಟ್ಟಿತ್ತು. ತಕ್ಕಡಿಯಲ್ಲಿ ಮೋಸಮಾಡಿ “ಎಲ್ಲಾ ಕಲಿಕಾಲ” ಅನ್ನುವವನಿಗೆ ಪುರಾಣವೂ ಆಸರೆಯಲ್ಲ: ವಿಷ್ಣುಪುರಾಣದ ವ್ಯಾಸನು ಕಲಿಯನ್ನೇ ಹೊಗಳಿ, ಕೃತಯುಗದಲ್ಲಿ ಹತ್ತು ವರುಷಗಳಿಗೆ ದೊರೆಯುವ ಫಲವು ಕಲಿಯಲ್ಲಿ ಒಂದೇ ದಿನದಲ್ಲಿ ದೊರೆಯುವದೆನ್ನುತ್ತಾನೆ.