ಹೊಲದ ಮ್ಯಾಲಿನ ಮೀನು

ನಾನು ಖರೇ ಸಮುದ್ರ ನೋಡಿದ್ದು ಇಪ್ಪತ್ತಮೂರನೇ ವಯಸ್ಸಿನಲ್ಲಿ, ಕಾರವಾರದಲ್ಲಿ. ಅಲ್ಲೀತನಕ ನಮಗೆ ಸಮುದ್ರ ಅಂದರೆ ನವಿಲುತೀರ್ಥದ ಹಿನ್ನೀರು. ಹೆಸರೇ ರೇಣುಕಾಸಾಗರ. ಗಾಳಿ ಬಿಟ್ಟರೆ ಸಣ್ಣ ತೆರೆಗಳೂ ಏಳುತ್ತಿದ್ದವು. ಸವದತ್ತಿ ಸೀಮೆಯ ಹುಡುಗರಿಗೆ ಅಷ್ಟು ಸಾಕಾಗಿತ್ತು.

ರವಿವಾರ ನಸುಕಿನಲ್ಲಿ ಅಪ್ಪ ನನ್ನನ್ನೂ ತಂಗಿಯನ್ನೂ ಸೈಕಲ್ ಮೇಲೆ ಕೂರಿಸಿಕೊಂಡು ಹೊರಡುತ್ತಿದ್ದ. ಅವ್ವ, ಕಾಕಾ ಬುತ್ತಿಗಂಟು ಹಿಡಿದು ಹಿಂದಿನಿಂದ ನಡೆದು ಬರುತ್ತಿದ್ದರು. ಬಿದಿರಿನ ಕೋಲು, ನೈಲಾನ್ ದಾರ, ಗಾಳ, ತೇಲಲಿಕ್ಕೆ ಜೋಳದ ದಂಟಿನ ಬೆಂಡು, ಇಷ್ಟೇ ಸಾಮಾನು. ಗಾಳಕ್ಕೆ ಎರೆಹುಳಾನೇ ಆಗಬೇಕು ಅಂತ ಕಾಕಾ, ಜೋಳದ ಹಿಟ್ಟಿನ ಉಂಡಿ ಸಾಕು ಅಂತ ಅಪ್ಪ. ಈ ವಾದ ಕೊನೆಗೂ ಮುಗಿಯಲಿಲ್ಲ. ಬೆಂಡು ಮುಳುಗಿದಾಗ ಕೂಗಬಾರದು ಅಂತ ಅಪ್ಪನ ಕಟ್ಟಪ್ಪಣೆ; ತಂಗಿ ಎರಡೂ ಕೈಯಿಂದ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತಿದ್ದಳು. ಹೆಚ್ಚಾಗಿ ಸಿಗುತ್ತಿದ್ದದ್ದು ಬೆರಳುದ್ದದ ಮೀನು, ಎಂದೋ ಒಮ್ಮೆ ಕಾಟ್ಲಾ, ರೋಹು. ಅವ್ವ ಅಲ್ಲೇ ಮೂರು ಕಲ್ಲು ಹೂಡಿ, ಖಾರ, ಅರಿಶಿಣ, ಹುಣಸಿಹುಳಿ ಹಚ್ಚಿ ಸುಟ್ಟು ಕೊಡುತ್ತಿದ್ದಳು. ಬಿಸಿ ಮೀನು, ತಂಗಳ ರೊಟ್ಟಿ. ಅಪ್ಪ ನಕ್ಕದ್ದು ಎಷ್ಟು ಸಲ ಅಂತ ನೆನಪು ಮಾಡಿಕೊಂಡರೆ ಅರ್ಧಕ್ಕಿಂತ ಹೆಚ್ಚು ಆ ದಂಡೆಯ ಮೇಲಿನವೇ.

ಅಜ್ಜ ಮಾತ್ರ ಒಂದು ದಿನವೂ ಬರಲಿಲ್ಲ. ಮನೆಗೆ ತಂದ ಮೀನನ್ನೂ ಮುಟ್ಟಲಿಲ್ಲ. ಹಾಗಂತ ಮಾಂಸ ಬಿಟ್ಟವನಲ್ಲ, ಜಾತ್ರೆಯಲ್ಲಿ ಕುರಿ ಕೊಯ್ದರೆ ಮೊದಲ ಪಂಕ್ತಿಗೇ ಕೂಡುತ್ತಿದ್ದ. ಯಾಕಜ್ಜಾ ಅಂತ ಒಮ್ಮೆ ಕೇಳಿದೆ. "ಆ ಹೊಲದಾಗ ನಾ ಬಿತ್ತಿದ್ದು ಜ್ವಾಳ, ಹತ್ತಿ. ಮೀನ ಬಿತ್ತಿಲ್ಲ" ಅಂದ. ಮತ್ತೆ ಆ ಮಾತು ತೆಗೆಯಲಿಲ್ಲ.

ಎಪ್ಪತ್ತರ ದಶಕದಲ್ಲಿ ಎರಡು ಗುಡ್ಡಗಳ ನಡುವೆ ಮಲಪ್ರಭೆಯನ್ನು ತಡೆದು ನಿಲ್ಲಿಸಿದಾಗ ಹಿಂದೆ ನಿಂತ ನೀರು 37 ಟಿಎಂಸಿಗೂ ಹೆಚ್ಚು. ಅದರ ಅಡಿಗೆ ಹೋದ ಎರಿಭೂಮಿಯಲ್ಲಿ ಅಜ್ಜನದೂ ಒಂದು ತುಂಡು. ಪರಿಹಾರ ಬಂತು, ಕರಗಿತು. ಕಾಟ್ಲಾ, ರೋಹು ಕೂಡ ಮೂಲದಲ್ಲಿ ನಮ್ಮ ಹೊಳಿಯ ಮೀನಲ್ಲ, ಗಂಗಾ ಸೀಮೆಯವು, ತಂದು ಬಿಟ್ಟದ್ದು. ಅಜ್ಜನಿಗೆ ಅದು ಗೊತ್ತಿತ್ತೋ ಇಲ್ಲವೋ, ಆದರೆ ಅವನ ಲೆಕ್ಕ ತಪ್ಪಿರಲಿಲ್ಲ.

ಈಗ ನನ್ನ ತಕರಾರು ನೋಡ್ರಿ. ಬಾಲ್ಯದ ಸುಖ ಅಂತ ನಾನು ಯಾವುದನ್ನು ಎದೆಗೆ ಅವಚಿಕೊಂಡಿದ್ದೇನೋ ಅದು ಶುರುವಾಗುವುದೇ ಅಜ್ಜನ ಹೊಲ ಮುಳುಗಿದ ಮೇಲೆ. ಡ್ಯಾಮು ಕಟ್ಟಿದ್ದು ಒಳ್ಳೇದಾಯಿತು ಅಂದರೆ ಅಜ್ಜನಿಗೆ ದ್ರೋಹ. ಕಟ್ಟಬಾರದಿತ್ತು ಅಂದರೆ ಆ ರವಿವಾರಗಳೇ ಇಲ್ಲ, ಬಾಯಿ ಮುಚ್ಚಿಕೊಂಡ ತಂಗಿಯೂ ಇಲ್ಲ. ದೊಡ್ಡವರು ಇಂಥಲ್ಲಿ 'ಬಹುಜನ ಹಿತ' ಅನ್ನುತ್ತಾರೆ. ಕಾಲುವೆ ಕೆಳಗಿನ ನವಲಗುಂದ, ನರಗುಂದಕ್ಕೆ ನೀರು ಹೋಯಿತು, ಖರೆ. ಆದರೆ ನೀರು ಬಂತೆಂದು ಹೇರಿದ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಅಲ್ಲಿ ಗೋಲಿಬಾರೂ ಆಯಿತು. ಅಂದಮೇಲೆ ಕಳಕೊಂಡವರು ಈ ಕಡೆ, ಪಡಕೊಂಡವರು ಆ ಕಡೆ ಅಂತ ಗೆರೆ ಎಳೆಯುವುದು ಹೇಗೆ? ಗೆರೆ ನಮ್ಮ ಮನೆಯೊಳಗೇ ಹಾಯ್ದಿತ್ತು, ಅಜ್ಜನ ತಾಟಿಗೂ ಅಪ್ಪನ ತಾಟಿಗೂ ನಡುವೆ.

ಅಪ್ಪ ಮರೆತ ಮನುಷ್ಯ ಅಂತಲೇ ನಾನು ಬಹಳ ವರ್ಷ ತಿಳಿದಿದ್ದೆ. ಅವನು ತೀರಿಕೊಂಡ ಮೇಲೆ ಕಾಕಾ ಹೇಳಿದ: ಸಮೀಪದಲ್ಲಿ ಎಷ್ಟೋ ದಂಡೆಗಳಿದ್ದರೂ ನಾವು ಪ್ರತಿ ವಾರ ಅಷ್ಟು ದೂರ ಹೋಗಿ ಕೂಡುತ್ತಿದ್ದ ಜಾಗದ ಎದುರಿಗೇ ನಮ್ಮ ಹೊಲ ಇತ್ತಂತೆ. "ನಿಮ್ಮಪ್ಪ ಗಾಳ ಒಗೀತಿದ್ದನಲ್ಲ, ಅಲ್ಲೇ ನೋಡು ನಮ್ಮ ಬಾವಿ." ಅಪ್ಪ ಅಜ್ಜನಿಗೆ ಇದನ್ನು ಹೇಳಿದ್ದನೇ ಅಂತ ಕೇಳಿದೆ. ಕಾಕಾ ತಲೆ ಅಲ್ಲಾಡಿಸಿದ. ಹೇಳಿದ್ದರೆ ಅಜ್ಜ ಒಂದು ತುಂಡು ತಿನ್ನುತ್ತಿದ್ದನೋ, ಇಲ್ಲಾ ಕೋಲನ್ನೇ ಮುರಿದು ಹಾಕುತ್ತಿದ್ದನೋ.

ನಾನೂ ಒಮ್ಮೆ ಹೇಳದೆ ಉಳಿದವನೇ. 2004ರಲ್ಲಿ ಅಜ್ಜನ ಕಣ್ಣಿನ ಆಪರೇಶನ್ ಆಗಿ ಧಾರವಾಡದ ನಮ್ಮ ಮನೆಯಲ್ಲಿ ಹದಿನೈದು ದಿನ ಇದ್ದ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬರುವುದು ರೇಣುಕಾಸಾಗರದಿಂದಲೇ, ಸವದತ್ತಿ ಕಡೆಯಿಂದ ಪಂಪ್ ಮಾಡಿ. ಮೊದಲ ದಿನವೇ ಗ್ಲಾಸು ಹಿಡಿದು ಕೇಳಿದ, "ಇದು ಎಲ್ಲೀ ನೀರಪಾ?"

"ನಳದ್ದು ಅಜ್ಜಾ, ಕಾರ್ಪೊರೇಶನ್ ನೀರು" ಅಂದೆ.

ಎರಡು ಗುಟುಕು ಕುಡಿದ. "ಸವಳಿಲ್ಲ. ಚಲೋ ಐತಿ" ಅಂದು, ಉಳಿದದ್ದನ್ನೂ ಕುಡಿದು ಗ್ಲಾಸು ಮತ್ತೆ ನನ್ನ ಮುಂದೆ ಚಾಚಿದ.